ಕಾಲ್ದೆಸೆಯ ಪಟ್ಟಿ

ಮೂರನೇ ಮಹಡಿಯ ಹದಿನಾಲ್ಕು ಕೋಣೆಗಳಲ್ಲಿ ಹಾಸಿಗೆ ಹಾಸುವವಳಿಗೆ ಇಡೀ ಹೋಟೆಲಿನಲ್ಲಿ ಪಟ್ಟಿಯಕ್ಕ ಎಂದೇ ಹೆಸರು. ಬಿಳಿ ಹಾಸಿಗೆಯ ಕಾಲ್ದೆಸೆಯಲ್ಲಿ ಅಡ್ಡಲಾಗಿ ಹಾಸುವ ಕೆಂಪು ಪಟ್ಟಿಯನ್ನು ಅವಳಷ್ಟು ನೆಟ್ಟಗೆ ಹಾಸುವವರು ಇನ್ನೊಬ್ಬರಿರಲಿಲ್ಲ. ಆ ಪಟ್ಟಿಯೋ, ಹೊದೆಯಲು ಸಾಲದು, ಮಡಿಸಿದರೆ ತಲೆದಿಂಬೂ ಆಗದು. ಬಹುಪಾಲು ಅತಿಥಿಗಳು ಬಂದ ಕೂಡಲೇ ಅದನ್ನೆಳೆದು ಮೂಲೆಗೆ ಎಸೆಯುತ್ತಿದ್ದರು. ಮರುದಿನ ಅವಳು ಹೆಕ್ಕಿ, ಕೊಡವಿ, ಮತ್ತೆ ಹಾಸುತ್ತಿದ್ದಳು. ಇಪ್ಪತ್ತೆರಡು ವರ್ಷ ಇದೇ ಜಟಾಪಟಿ.

ಬಗ್ಗಿ ಬಗ್ಗಿ ಅವಳ ಮಂಡಿ ಸವೆದಿತ್ತು. ಹಾಸಿಗೆ ಹಾಸುವವರು ಅದರ ಮೇಲೆ ಕೂರುವಂತಿಲ್ಲ, ಬಿಳಿ ಬಟ್ಟೆಯಲ್ಲಿ ಸುಕ್ಕು ಕಂಡುಬಿಡುತ್ತದೆ. ಅತಿಥಿಯ ಕುರ್ಚಿಯಂತೂ ಮುಟ್ಟುವ ಹಾಗೇ ಇಲ್ಲ. ಆದರೆ ಮಹಡಿಯ ಸೂಪರ್‌ವೈಸರಿಗೆ ಸ್ವಂತದ್ದೊಂದು ಕುರ್ಚಿಯಿತ್ತು, ಅಲ್ಲಿದ್ದಾಕೆ ನಿವೃತ್ತಳಾದ ಮೇಲೆ ಅದು ಖಾಲಿ ಬಿದ್ದಿತ್ತು. ಪಟ್ಟಿಯಕ್ಕನ ಕಣ್ಣು ಹುದ್ದೆಯ ಮೇಲಿರಲಿಲ್ಲ, ಕುರ್ಚಿಯ ಮೇಲಿತ್ತು.

"ಮುಖ್ಯ ಕಚೇರಿಯಿಂದ ಸಾಹೇಬ್ರು ಬರ್ತಾರೆ," ಎಂದ ಮ್ಯಾನೇಜರ್. "ಪಟ್ಟಿ ಯಾಕೆ ಅಂತ ಕೇಳ್ತಾರೆ. 'ನಮ್ಮ ಆದರದ ಬಣ್ಣ, ನಿಮ್ಮ ವಿಶ್ರಾಂತಿಯ ಅಂಚಿಗೆ' ಅನ್ನಿ. ಇಷ್ಟು ಹೇಳಿದ್ರೆ ಕುರ್ಚಿ ನಿಮ್ದೇ."

ಅವಳು ಮೂರು ದಿನ ಉರು ಹೊಡೆದಳು. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅದನ್ನೇ ಗುನುಗುವುದು ಕೇಳಿ ಗಂಡ, "ಯಾರಿಗೇ ಈ ವಯಸ್ಸಲ್ಲಿ ಪ್ರೇಮಪತ್ರ?" ಎಂದ.

ಸಾಹೇಬರು ಬಂದರು, ಮುಖದ ತುಂಬ ಬೆವರು ಹೊತ್ತು. ಕೋಣೆಗೆ ಕಾಲಿಟ್ಟವರೇ ಪಟ್ಟಿಯ ತುದಿ ಎತ್ತಿ ಮುಖ ಒರೆಸಿಕೊಳ್ಳಲು ಹೊರಟರು. ಮ್ಯಾನೇಜರ್ ಹಲ್ಲು ಕಿರಿಯುತ್ತಾ ನಿಂತಿದ್ದ. ಬೆಡ್‌ಶೀಟು ದಿನಾ ಲಾಂಡ್ರಿಗೆ ಹೋಗುತ್ತದೆ, ಪಟ್ಟಿ ಹೋಗುವುದು ವರ್ಷಕ್ಕೆರಡು ಸಲ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಉರು ಹೊಡೆದದ್ದು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಅಯ್ಯೋ, ಬೇಡ ಸಾರ್! ಅದು ಬೂಟಿಗೆ!"

"ಏನಂದ್ರಿ?"

"ಜನ ಬೂಟು ಹಾಕ್ಕೊಂಡೇ ಕಾಲು ಚಾಚ್ತಾರೆ ಸಾರ್. ಸೂಟ್‌ಕೇಸೂ ಅಲ್ಲೇ ಇಡ್ತಾರೆ. ಬಿಳಿ ಬಟ್ಟೆ ಹಾಳಾಗ್ಬಾರ್ದಲ್ವಾ, ಅದಕ್ಕೇ ಪಟ್ಟಿ."

"ಎಷ್ಟು ದಿನಕ್ಕೆ ಒಗೀತೀರಿ?"

ಮ್ಯಾನೇಜರ್ ಚಾವಣಿ ನೋಡಿದ. ಅದನ್ನೂ ಅವಳೇ ಹೇಳಿದಳು. ಸಾಹೇಬರು ಬಚ್ಚಲಿಗೆ ಹೋಗಿ ಮೂರು ಸಲ ಸೋಪು ಹಾಕಿ ಕೈ ತೊಳೆದರು.

ಹದಿನೈದು ದಿನಕ್ಕೆ ಕಚೇರಿಯಿಂದ ಪತ್ರ ಬಂತು. ಸಿಬ್ಬಂದಿಯ ಅಮೂಲ್ಯ ಸಲಹೆಯ ಮೇರೆಗೆ ಇನ್ನು ಮುಂದೆ ಪಟ್ಟಿಗಳು ಕಡು ಕಾಫಿ ಬಣ್ಣದವು, ಕೊಳೆ ಕಾಣದು. ಒಗೆಯುವ ಮಾತೇ ಅದರಲ್ಲಿರಲಿಲ್ಲ. ಕುರ್ಚಿ, ಆದರದ ಬಣ್ಣದ ಮಾತನ್ನು ಅದೇ ಸಾಹೇಬರೆದುರು ಒಂದಕ್ಷರ ನುಂಗದೆ ಒಪ್ಪಿಸಿದ ಎರಡನೇ ಮಹಡಿಯ ಹುಡುಗಿಗೆ ಹೋಯಿತು. ಪಟ್ಟಿಯಕ್ಕನಿಗೆ ಹೊಟ್ಟೆ ಉರಿಯಿತು. ನಿಜ ಹೇಳಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು.

ಮರುದಿನ ಹದಿನಾಲ್ಕನೇ ಕೋಣೆಯಲ್ಲಿ ಹೊಸ ಪಟ್ಟಿ ಹಾಸಿದಳು. ಮಂಡಿ ಹಿಡಿದುಕೊಂಡಿತು. ಪಟ್ಟಿಯ ಅಂಗುಲ ಅಂಗುಲವನ್ನೂ ಒತ್ತಿ ನೋಡಿದಳು: ಆ ಕಡು ಬಣ್ಣದಲ್ಲಿ ಸುಕ್ಕು ಕಾಣಲಿಲ್ಲ. ಮೆಲ್ಲಗೆ ಅದರ ಮೇಲೆ ಕೂತು ಎರಡೂ ಕಾಲು ಚಾಚಿದಳು.

ಹೊಸ ಸೂಪರ್‌ವೈಸರ್ ಬಾಗಿಲಲ್ಲಿ ನಿಂತಳು. "ಏನಕ್ಕಾ, ಹಾಸಿಗೆ ಮೇಲೆ ಕೂತ್ಬಿಟ್ರಿ?"

"ಹಾಸಿಗೆ ಮೇಲಲ್ಲ ಕಣಮ್ಮ, ಪಟ್ಟಿ ಮೇಲೆ. ಪಟ್ಟಿ ಯಾಕೆ ಅಂತ ಸಾಹೇಬ್ರಿಗೆ ಅವತ್ತು ಅರ್ಧ ಉತ್ತರ ಹೇಳಿದ್ದೆ. ಮಿಕ್ಕಿದ್ದು ಈಗ ಹೊಳೀತು."