ನಮ್ಮೋರಿಗೇ ಬೀಗನಾ

ನಂಬಿಕೆ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಮಾತೇನೋ ಒಳ್ಳೆಯದೇ. ಆದರೆ ನಾನು ಕೆಲಸ ಮಾಡುವ ಕಡೆ ಅದನ್ನು ಎದುರಿನವರ ಬಾಯಿ ಮುಚ್ಚಿಸುವುದಕ್ಕೆ ಇಟ್ಟುಕೊಂಡಿದ್ದರು. ಏನನ್ನಾದರೂ ಸ್ವಲ್ಪ ಬಿಗಿ ಮಾಡೋಣ ಎಂದರೆ ಸಾಕು, “ಯಾಕ್ ಮೇಡಂ, ನಮ್ಮ ಮೇಲೆ ನಂಬಿಕೆ ಇಲ್ವಾ” ಎಂದು ಒಬ್ಬರು ಕೇಳುವುದು, ಉಳಿದವರು ನಾನೇನೋ ಅವರ ಮನೆಯ ಊಟ ಬೇಡ ಎಂದು ಎದ್ದು ಬಂದವಳಂತೆ ನನ್ನ ಮುಖ ನೋಡುವುದು.

ಅದಕ್ಕೆ ಮುಂಚೆ ನಾನು ಹಿರಿಯೂರಿನಲ್ಲಿ ಬ್ಯಾಂಕಿನಲ್ಲಿದ್ದೆ. ಅಲ್ಲಿ ತಿಜೋರಿಗೆ ಎರಡು ಕೀಲಿ. ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಕ್ಯಾಷಿಯರ ಹತ್ತಿರ. ಇಬ್ಬರೂ ಮಧ್ಯಾಹ್ನ ಒಬ್ಬರ ಬುತ್ತಿಗೆ ಇನ್ನೊಬ್ಬರು ಕೈ ಹಾಕಿ ಉಣ್ಣುವಷ್ಟು ಸಲುಗೆಯವರು. ಆದರೂ ಒಬ್ಬರ ಕೀಲಿಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ, ಕೊಡಿ ಎಂದು ಕೇಳುತ್ತಲೂ ಇರಲಿಲ್ಲ. ಇದರಲ್ಲಿ ಅವಮಾನವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಕೆಲಸ ಎಂದರೆ ಹೀಗೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಸ್ವಯಂನಿವೃತ್ತಿ ತೆಗೆದುಕೊಂಡು ಚಿತ್ರದುರ್ಗಕ್ಕೆ ಬಂದ ಮೇಲೆ ಒಂದು ಟ್ರಸ್ಟಿಗೆ ಸೇರಿಕೊಂಡೆ. ಮನೆಯಲ್ಲಿ ಹೊಡೆತ ತಿಂದು ಹೊರಬಿದ್ದ ಹೆಂಗಸರಿಗೆ ಇರಲು ಒಂದು ಜಾಗ, ಮಾಡಲು ಒಂದು ಕೆಲಸ, ವಕೀಲರ ಸಲಹೆ ಕೊಡಿಸುವ ಟ್ರಸ್ಟು. ದುರ್ಗದಲ್ಲಿ ಮುಖ್ಯ ಕಚೇರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಒಂದೊಂದು ಕೇಂದ್ರ. ಹೆಂಗಸರ ವಿವರವೆಲ್ಲ ಕ್ಲೌಡ್ ಡೇಟಾಬೇಸಿನಲ್ಲಿತ್ತು, ಅಂದರೆ ಎಲ್ಲೋ ದೂರದ ಕಂಪ್ಯೂಟರಿನಲ್ಲಿ. ನಾಲ್ಕೂ ಊರಿನವರು ಕೂತಲ್ಲೇ ಮೊಬೈಲಿನಲ್ಲಿ ತೆಗೆದು ನೋಡಬಹುದಿತ್ತು. ಹೆಸರು, ಊರು, ಏನಾಯಿತು, ಈಗ ಎಲ್ಲಿದ್ದಾಳೆ. ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸ.

ಟೋಕನ್ ಅಂದರೆ ನಮ್ಮ ಕಡೆ ಆಸ್ಪತ್ರೆಯಲ್ಲಿ ಪಾಳಿಗೆ ಕೊಡುವ ಚೀಟಿ. ಡೇಟಾಬೇಸಿನ ಟೋಕನ್ ಅದಲ್ಲ. ಅಕ್ಷರ, ಅಂಕಿ ಕಲಸಿದ ಒಂದು ಉದ್ದನೆಯ ಸಾಲು. ಅದನ್ನು ಆ್ಯಪಿಗೆ ಕೊಟ್ಟರೆ ಬಾಗಿಲು ತೆರೆಯುತ್ತದೆ. ಯಾರಿಗೆ ಎಷ್ಟು ತೆರೆಯಬೇಕು ಎಂಬುದನ್ನು ಟೋಕನ್ ಮಾಡುವಾಗಲೇ ಗೊತ್ತುಮಾಡಬಹುದು. ಒಬ್ಬರಿಗೆ ಓದಲು ಮಾತ್ರ, ಇನ್ನೊಬ್ಬರಿಗೆ ಬರೆಯಲೂ, ಮತ್ತೊಬ್ಬರಿಗೆ ಅವರ ತಾಲ್ಲೂಕಿನದು ಮಾತ್ರ. ಇಂಥ ಕಾಲಂ ಯಾರಿಗೂ ಕಾಣಬಾರದು ಎಂದರೆ ಅದೂ ಆಗುತ್ತದೆ. ಇಷ್ಟೆಲ್ಲ ಸೌಕರ್ಯ ಇದ್ದೂ ನಮ್ಮಲ್ಲಿದ್ದದ್ದು ಒಂದೇ ಟೋಕನ್. ಓದುವ, ಬರೆಯುವ, ಅಳಿಸುವ ಅಧಿಕಾರವೆಲ್ಲ ಕಟ್ಟಿಕೊಂಡ ಆ ಒಂದು ಟೋಕನ್ನು ಎಲ್ಲರ ಮೊಬೈಲಿನಲ್ಲೂ ಇತ್ತು. ಜೀಪಿನ ಡ್ರೈವರಿಗೂ ಕೊಟ್ಟಿದ್ದರು, ದಾರಿ ತಿಳಿಯಲಿ ಎಂದು.

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ನಮ್ಮಲ್ಲಿಗೆ ಬಂದಿದ್ದಳು. ಎಡಗೈ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಮುರಿದವನು ಗಂಡ. ಆಕೆಗೆ ಚಿಕ್ಕಜಾಜೂರಿನಲ್ಲಿ ರೈಲ್ವೆ ಸ್ಟೇಷನ್ ಹತ್ತಿರದ ಹೊಲಿಗೆ ಅಂಗಡಿಯಲ್ಲಿ ಕೆಲಸ ಕೊಡಿಸಿ, ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುವ ಹಾಗೆ ಮಾಡಿದೆವು. ಆಕೆ ನಮ್ಮನ್ನು ಕೇಳಿಕೊಂಡದ್ದು ಒಂದೇ.

“ಕೆಲ್ಸ ಎಂಥದಾದ್ರೂ ಕೊಡ್ರಿ, ಮಾಡ್ತೀನಿ. ನಾನು ಎಲ್ಲಿದೀನಿ ಅಂತ ಮಾತ್ರ ಆ ಕಡೇರಿಗೆ ಗೊತ್ತಾಗಬಾರ್ದು. ಗೊತ್ತಾದ್ರೆ ಈ ಸಲ ಬರೀ ಕೈಗೆ ನಿಲ್ಲಲ್ಲ.”

ಗೊತ್ತಾಗುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಟ್ರಸ್ಟಿನ ನಿಯಮದ ಪ್ರಕಾರ ಅವಳ ಹೊಸ ವಿಳಾಸ ಡೇಟಾಬೇಸಿನ ವಿಳಾಸದ ಕಾಲಮ್ಮಿಗೆ ಹೋಯಿತು. ಅದನ್ನು ತುಂಬಿದ ಗಳಿಗೆಯಿಂದ ನನಗೆ ಸಮಾಧಾನವಿಲ್ಲ.

ಮಾರನೆಯ ದಿನ ಟ್ರಸ್ಟಿನ ಕಾರ್ಯದರ್ಶಿಯವರ ಮುಂದೆ ಹೋಗಿ ಕೂತೆ. ನಿವೃತ್ತ ಮೇಷ್ಟ್ರು. ಊರಿನಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಹೋಗಿ ನಿಲ್ಲುವ ಮನುಷ್ಯ. ಅವರು ಒಳ್ಳೆಯವರು ಎಂಬುದೇ ನನಗೆ ದೊಡ್ಡ ತೊಡಕು. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ಒಬ್ಬೊಬ್ಬರಿಗೂ ಬೇರೆ ಟೋಕನ್ ಮಾಡುತ್ತೇನೆ, ಆಯಾ ಊರಿನವರಿಗೆ ಆಯಾ ಊರಿನದು ಮಾತ್ರ ಕಾಣಲಿ, ವಿಳಾಸದ ಕಾಲಂ ಮುಚ್ಚೋಣ ಎಂದೆ.

“ಅಂದ್ರೆ ಮೇಡಂ, ನಮ್ಮೋರಿಗೇ ಬೀಗನಾ?”

“ಬೀಗ ನಮ್ಮೋರಿಗಲ್ಲ ಸರ್, ವಿಳಾಸಕ್ಕೆ.”

“ಎಲ್ಲಾರೂ ಮೊದ್ಲಿಂದ ಇರೋರು. ಹೊಸದುರ್ಗದ ಹುಡುಗಿ ನಮ್ಮ ಬೀಗರ ಕಡೇಳು. ಡ್ರೈವರ್ರು ಹೊಳಲ್ಕೆರೆ ಸದಸ್ಯರಿಗೆ ಬೀಗರಾಗಬೇಕು. ಯಾರಿಗೆ ಅಂತ ಬೀಗ ಹಾಕಾಣ ಹೇಳ್ರಿ?”

ನಾನು ಬೀಗ ಎಂದಾಗಲೆಲ್ಲ ಅವರು ಬೀಗರು ಎಂದರು. ಈ ಜಿಲ್ಲೆಯಲ್ಲಿ ಯಾರನ್ನು ಕೆದಕಿದರೂ ಯಾರಿಗೋ ಬೀಗರೇ. ಅದೇ ಅವರ ಧೈರ್ಯ, ಅದೇ ನನ್ನ ಭಯ. ಆ ಹೆಂಗಸಿನ ಗಂಡನ ಕಡೆಯವರೂ ನಮ್ಮಲ್ಲಿ ಯಾರಿಗೋ ಬೀಗರಾಗಿರಬಹುದಲ್ಲ ಎಂದು ಕೇಳಿದೆ.

“ನೀವು ಬ್ಯಾಂಕಿನೋರು, ಎಲ್ಲಾರನ್ನೂ ಕಳ್ಳರ ಥರ ನೋಡ್ತೀರಿ. ಟೀ ಕುಡೀರಿ” ಎಂದರು. ನಾನು ಕುಡಿಯದೆ ಎದ್ದು ಬಂದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ಕಚೇರಿಯ ಕಂಪ್ಯೂಟರ್, ಜೀಪು, ಕತ್ತರಿ, ಸ್ಟೇಪ್ಲರ್ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ. ಬೀರು, ಬಾಗಿಲು, ಗಾಡಿಗಳ ಕೀಲಿಗಳನ್ನೆಲ್ಲ ಒಂದು ತಟ್ಟೆಯಲ್ಲಿಟ್ಟು ಪೂಜೆ ಮಾಡುವುದೂ ಉಂಟು. ನಾನು ಮನೆಯಲ್ಲಿ ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದಾಗ ಹೊಸದುರ್ಗ ಕೇಂದ್ರದಿಂದ ಫೋಟೋ ಬಂತು. ತಟ್ಟೆ ತುಂಬ ಕೀಲಿ. ಕೀಲಿಗಳ ನಡುವೆ ಒಂದು ಬಿಳಿ ಹಾಳೆ. ಹಾಳೆಯಲ್ಲಿ ದಪ್ಪಕ್ಷರದಲ್ಲಿ ನಮ್ಮ ಟೋಕನ್, ಒಂದಕ್ಷರವೂ ಬಿಡದೆ. ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ, ಮೇಲ್ತುದಿಗೆ ಒಂದು ಚೆಂಡುಹೂ ಇಟ್ಟಿದ್ದರು. ಹೂವಾದರೂ ಅಕ್ಷರಗಳ ಮೇಲೆ ಕೂತಿದ್ದರೆ ಒಂದಷ್ಟು ಮರೆಯಾಗುತ್ತಿತ್ತು.

ಫೋನ್ ಮಾಡಿದೆ. ಕೇಂದ್ರದ ಸಹಾಯಕಿ ಹಬ್ಬದ ಖುಷಿಯಲ್ಲಿದ್ದಳು.

“ಆ ಹಾಳೆ ಯಾಕಮ್ಮ ಇಟ್ಟೆ?”

“ಟೋಕನ್ ಅಂದ್ರೆ ಕೀಲಿ ಇದ್ದಂಗೆ ಅಂತ ಟ್ರೇನಿಂಗಲ್ಲಿ ನೀವೇ ಹೇಳಿದ್ರಲ್ಲ ಮೇಡಂ. ಎಲ್ಲಾ ಕೀಲಿಗೂ ಪೂಜೆ ಆಗಿ ಇದೊಂದು ಬಿಟ್ರೆ ಚೆನ್ನಾಗಿರಲ್ಲ ಅಂತ ಪ್ರಿಂಟ್ ತೆಗ್ದೆ.”

“ಮೊದ್ಲು ಅದನ್ನ ತೆಗೆದು ಹರಿದು ಹಾಕು.”

“ಪೂಜೆಗಿಟ್ಟಿದ್ದನ್ನ ನಾಳೆ ಬೆಳಗ್ಗೆ ತನಕ ಅಲ್ಲಾಡಿಸಂಗಿಲ್ವಲ್ಲ ಮೇಡಂ.”

ಫೋಟೋ ಬರೀ ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಷ್ಟೇ ಉಳಿದಿರಲಿಲ್ಲ. ಅವಳ ಸ್ಟೇಟಸ್ಸಿನಲ್ಲಿತ್ತು, ಡ್ರೈವರ್ ಸ್ಟೇಟಸ್ಸಿನಲ್ಲಿತ್ತು, ಇನ್ನೂ ಯಾರ್ಯಾರು ಹಾಕಿಕೊಂಡಿದ್ದರೋ. ಫೋಟೋದಿಂದ ಅಕ್ಷರ ಎತ್ತಿಕೊಳ್ಳುವುದು ಈಗಿನ ಮೊಬೈಲಿಗೆ ಲೆಕ್ಕವೇ ಅಲ್ಲ. ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಆ ಟೋಕನ್ನಿಗೆ ಕೊಟ್ಟ ಮರ್ಯಾದೆಯಲ್ಲಿ ಅರ್ಧದಷ್ಟು ಕಾರ್ಯದರ್ಶಿಯವರು ಕೊಟ್ಟಿದ್ದರೂ ಸಾಕಾಗಿತ್ತು.

ನಿಂಬೆಹಣ್ಣು ಅಲ್ಲೇ ಬಿಟ್ಟು ಒಳಗೆ ಬಂದು ಟೋಕನ್ ರದ್ದು ಮಾಡಿದೆ. ನಾಲ್ಕೂ ಊರಿನ ಆ್ಯಪು ನಿಂತವು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಹೊಸ ಟೋಕನ್ ಮಾಡಿ, ವಿಳಾಸದ ಕಾಲಂ ಮುಚ್ಚಿ, ಸಂಜೆಯೊಳಗೆ ಕಳಿಸಿಕೊಟ್ಟೆ. ಅಂತೂ ಆಯಿತಲ್ಲ ಎಂದುಕೊಂಡೆ.

ಮರುದಿನ ವಿಜಯದಶಮಿ. ಕಾರ್ಯದರ್ಶಿಯವರು ಬನ್ನಿ ಕೊಡಲು ಮನೆಗೇ ಬಂದರು. ಎಲೆ ಕೈಗಿಟ್ಟು, ಬಂಗಾರದಂಗಿರಾಣ ಎಂದು ಹೇಳಿ, ಅದೇ ಉಸಿರಿನಲ್ಲಿ ಮುಂದುವರಿಸಿದರು.

“ಹಬ್ಬದ ದಿನ ಎಲ್ಲಾರ ಮುಖಕ್ಕೂ ಬಾಗಿಲು ಹಾಕಿಬಿಟ್ರಲ್ಲ ಮೇಡಂ. ಹೊಸದುರ್ಗದಿಂದ, ಹೊಳಲ್ಕೆರೆಯಿಂದ ಒಂದೇ ಸಮ ಫೋನು. ಎಲ್ಲಾರೂ ಭಾಳ ನೊಂದ್ಕಂಡವ್ರೆ. ಅದಕ್ಕೆ ನಾನೇ ಸರಿ ಮಾಡ್ಸಿದೀನಿ.”

ಖಾತೆಯ ಮೂಲ ಪಾಸ್‌ವರ್ಡ್ ಅವರ ಹತ್ತಿರವಿತ್ತು, ನಾನು ಏನು ಮುಚ್ಚಿದರೂ ಅದರಿಂದ ಮತ್ತೆ ತೆರೆಸಬಹುದಿತ್ತು. ಮೊದಲು ಆ್ಯಪ್ ಮಾಡಿಕೊಟ್ಟವನಿಗೆ ಫೋನ್ ಮಾಡಿ, ಮತ್ತೆ ಎಲ್ಲ ಅಧಿಕಾರವೂ ಇರುವ ಒಂದೇ ಟೋಕನ್ ಮಾಡಿಸಿ ಗ್ರೂಪಿಗೆ ಹಾಕಿಸಿದ್ದರು. ಬನ್ನಿ ಎಲೆ ಕೈಯಲ್ಲಿ ಹಿಡಿದುಕೊಂಡೇ ನಾನು ಆ ಹೆಂಗಸಿನ ವಿಷಯ ಎತ್ತಿದೆ. “ಆಕೆಗೆ ಏನಾಗುತ್ತೆ ಬಿಡ್ರಿ, ನಾವೆಲ್ಲ ಇಲ್ವಾ” ಎಂದು ನಕ್ಕರು. ಅವರು ನಕ್ಕಿದ್ದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ದೀಪಾವಳಿಗೆ ಮುಂಚೆಯೇ ಆ ಹೆಂಗಸಿನ ಗಂಡ ಚಿಕ್ಕಜಾಜೂರಿಗೆ ಬಂದ. ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಬಂದದ್ದಲ್ಲ, ನೇರವಾಗಿ ಹೊಲಿಗೆ ಅಂಗಡಿಯ ಮುಂದೆ ಬಂದು ನಿಂತ. ಅಂಗಡಿಯಾಕೆ ಆ ಹೆಂಗಸನ್ನೂ ಒಳಗೆ ಹಾಕಿಕೊಂಡು ಷಟರ್ ಎಳೆದು, ಒಳಗಿನಿಂದಲೇ ಕೂಗಿಕೊಂಡಳು. ಹಳಿ ಕೆಲಸ ಮುಗಿಸಿ ಬರುತ್ತಿದ್ದ ರೈಲ್ವೆಯವರು ಅವನನ್ನು ಹಿಡಿದುಕೊಂಡರು. ಪೊಲೀಸರು ಬರುವ ಹೊತ್ತಿಗೆ ಬಿಡಿಸಿಕೊಂಡು ಹೋಗಿದ್ದ. ಅವನು ತಂದಿದ್ದ ಮಚ್ಚು ಮಾತ್ರ ಅಂಗಡಿಯ ಮುಂದೆ ಬಿದ್ದಿತ್ತು.

ಟ್ರಸ್ಟಿನವರು ಸಭೆ ಕರೆದರು. ಯಾರು ಯಾವಾಗ ಏನು ತೆರೆದು ನೋಡಿದರು ಎಂಬುದು ಡೇಟಾಬೇಸಿನಲ್ಲಿ ತಾನಾಗಿ ದಾಖಲಾಗಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ತೋರಿಸ್ರಿ ಎಂದರು. ಗೋಡೆಯ ಮೇಲಿನ ಪರದೆಗೆ ಹಾಕಿ ತೋರಿಸಿದೆ. ಆ ಹೆಂಗಸಿನ ವಿಳಾಸವನ್ನು ಮತ್ತೆ ಮತ್ತೆ ತೆರೆಯಲಾಗಿತ್ತು. ತೆರೆದವರ ಹೆಸರಿನ ಜಾಗದಲ್ಲಿ ಎಲ್ಲ ಸಾಲಿನಲ್ಲೂ ಒಂದೇ ಹೆಸರು, ಎಲ್ಲರ ಮೊಬೈಲಿನಲ್ಲೂ ಇದ್ದ ಆ ಟೋಕನ್ನಿನದು, ಅಂದರೆ ಟ್ರಸ್ಟಿನದು.

“ಇದರಲ್ಲಿ ಯಾರು ಅಂತ ಗೊತ್ತಾಗಲ್ವಾ?” ಎಂದರು ಕಾರ್ಯದರ್ಶಿ.

“ಟ್ರಸ್ಟೇ ನೋಡಿದೆ ಸರ್” ಎಂದೆ.

ಹೊಳಲ್ಕೆರೆಯ ಸದಸ್ಯರು ಗಂಟಲು ಸರಿಮಾಡಿಕೊಂಡರು. “ಯಾರು ಅಂತ ಗೊತ್ತಿಲ್ದೆ ಯಾರನ್ನ ಅನ್ನಾಣ? ಎಷ್ಟಾದ್ರೂ ಗಂಡ ಅಲ್ವೇನ್ರಿ, ಕರ್ಕಂಡು ಹೋಗಾಣ ಅಂತ ಬಂದಿರ್ತಾನೆ.”

“ಮಚ್ಚು ತಗೊಂಡಾ?”

ಆಮೇಲೆ ನನ್ನ ದನಿ ಏರಿದ್ದು ನನಗೇ ಕೇಳಿಸುತ್ತಿತ್ತು, ಇಳಿಸಬೇಕು ಅನ್ನಿಸಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಟೋಕನ್ ಇದ್ದಿದ್ದರೆ ಹೇಳಿಕೊಟ್ಟವರ ಹೆಸರು ಈ ಗೋಡೆಯ ಮೇಲಿರುತ್ತಿತ್ತು, ಉಳಿದವರೆಲ್ಲ ತಲೆ ಎತ್ತಿಕೊಂಡು ಕೂರಬಹುದಿತ್ತು ಎಂದೆ. ಈಗ ಇಲ್ಲಿರುವ ಪ್ರತಿಯೊಬ್ಬರನ್ನೂ ನಾನು ಅನುಮಾನದಿಂದ ನೋಡಬೇಕು, ನೀವೂ ನೋಡುತ್ತಿದ್ದೀರಿ, ಪಕ್ಕದವರ ಮುಖ ನೋಡಲು ಆಗದೆ ಎಲ್ಲರೂ ಮೇಜು ನೋಡುತ್ತಿದ್ದೀರಿ, ಇದು ನೀವು ಮಾಡಿಟ್ಟ ಕೆಲಸ ಎಂದೆ. ಹೊಸದುರ್ಗದ ಹುಡುಗಿ ಅಳುತ್ತಿದ್ದಳು. ಅವಳ ತಪ್ಪೋ ಅಲ್ಲವೋ ಅವಳಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಾಗುವಂತೆಯೂ ಇರಲಿಲ್ಲ.

ಕಾರ್ಯದರ್ಶಿಯವರು, “ನಿಮಗೆ ಹೆಂಗೆ ಬೇಕೋ ಹಂಗೆ ಮಾಡ್ಕಳ್ರಿ” ಎಂದರು, ನನಗೇನೋ ಉಪಕಾರ ಮಾಡಿದವರ ಹಾಗೆ. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ನಾನು ಕಾಯಲೂ ಇಲ್ಲ. ಅಲ್ಲೇ ಅವರಿಂದ ಮೂಲ ಪಾಸ್‌ವರ್ಡ್ ತೆಗೆದುಕೊಂಡು ಬದಲಾಯಿಸಿದೆ. ಹಳೆಯದೆಲ್ಲ ರದ್ದಾಯಿತು. ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಬಾಗಿಲು ತೆರೆಯಿತು. ವಿಳಾಸದ ಕಾಲಮ್ಮನ್ನು ನನ್ನೊಬ್ಬಳ ಟೋಕನ್ನಿಗೆ ಉಳಿಸಿಕೊಂಡು ಮಿಕ್ಕ ಎಲ್ಲರಿಗೂ ಮುಚ್ಚಿದೆ.

ಆ ಹೆಂಗಸು ಚಿಕ್ಕಜಾಜೂರು ಬಿಟ್ಟು ಹೊರಟಳು. ಹೊಲಿಗೆ ಅಂಗಡಿಯಾಕೆಯೇ ತನ್ನ ಪರಿಚಯದವರ ಹತ್ತಿರ ಬೇರೆ ಊರಿನಲ್ಲಿ ಕೆಲಸ ಗೊತ್ತುಮಾಡಿದ್ದಳು. ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಆಕೆಯನ್ನು ಕಂಡೆ. ಒಂದು ಚೀಲ, ಒಂದು ನೀರಿನ ಬಾಟಲಿ. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಇನ್ನು ಮುಂದೆ ಹಾಗಾಗುವುದಿಲ್ಲ, ಎಲ್ಲ ಸರಿಮಾಡಿದ್ದೇನೆ ಎಂದೂ ಹೇಳಿದೆ. ಆಮೇಲೆ, ಮೊಬೈಲ್ ತೆಗೆದುಕೊಂಡು, ಹೋಗುವ ಊರು ಯಾವುದೆಂದು ಕೇಳಿದೆ.

“ಬರ್ಕಂಡ್ರೆ ಯಾರ್ಯಾರಿಗೆ ಕಾಣ್ತೈತ್ರಿ?”

“ಯಾರಿಗೂ ಇಲ್ಲಮ್ಮ. ನನಗೊಬ್ಬಳಿಗೇ.” ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಆಕೆ ನನ್ನ ಮುಖವನ್ನೇ ನೋಡಿದಳು. “ನಿಮಗ್ಯಾಕ್ರಿ ಬೇಕು?”

ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳಲು ಕೇಳಿದಳು. ಕೇಸಿಗೆ ಬೇಕಾದರೆ ವಕೀಲರಿಗೆ ತಾನೇ ಫೋನ್ ಮಾಡುತ್ತಾಳೆ. ಕಷ್ಟ ಬಂದರೆ ನನಗೂ ಮಾಡುತ್ತಾಳೆ. ಅವಳು ಎಲ್ಲಿದ್ದಾಳೆ ಎಂಬುದರಿಂದ ನನಗೆ ಆಗಬೇಕಾದ್ದೇನು ಎಂದು ಯೋಚಿಸಿದೆ. ಏನೂ ಇರಲಿಲ್ಲ. ಮೊಬೈಲನ್ನು ನನ್ನ ಚೀಲದೊಳಗೆ ಇಟ್ಟೆ.

ಬಸ್ಸು ಬಂದು ನಿಂತಿತು. ಆಕೆ ಹತ್ತಿದಳು. ಬಸ್ಸಿನ ಬೋರ್ಡು ಕಣ್ಣಿಗೆ ಬೀಳದ ಹಾಗೆ ನಾನು ಆಚೆ ತಿರುಗಿ ನಿಂತುಕೊಂಡೆ.