ಗುಬ್ಬಿಯ ಬಾತುಕೋಳಿ

ಮನೆಯಲ್ಲೇ ಮರೆತುಹೋಗಿದ್ದ ಊಟದ ಡಬ್ಬಿಯನ್ನು ಅಣ್ಣನ ಮಗಳಿಗೆ ಕೊಟ್ಟುಹೋಗೋಣವೆಂದು ಚಿಕ್ಕಪ್ಪ ಕಾಲೇಜಿನ ಗೇಟಿನ ಬಳಿ ನಿಂತಿದ್ದಾಗ, ಅವಳ ಗೆಳತಿಯೊಬ್ಬಳು ಅವರನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಮುಖ ಅರಳಿಸಿಕೊಂಡು, "ಅಂಕಲ್, ಗುಬ್ಬಿಯ ಬಾತುಕೋಳಿ ನೀವೇ ಅಲ್ವಾ?" ಎಂದು ಕೇಳಿದಳು.

ಕೇಳಿದ್ದು ಮೆಲ್ಲಗೇನಲ್ಲ. ಗೇಟಿನ ಕಾವಲುಗಾರನಿಗೆ ಕೇಳಿಸಿತು, ಮೆಟ್ಟಿಲ ಮೇಲೆ ಕೂತಿದ್ದ ಹುಡುಗರ ಹಿಂಡಿಗೆ ಕೇಳಿಸಿತು, ಚಿಕ್ಕಪ್ಪನ ಅಂಗಡಿಯಲ್ಲಿ ಹಿಂದಿನ ವಾರವಷ್ಟೇ ಹೊಸ ಕನ್ನಡಕ ಮಾಡಿಸಿಕೊಂಡಿದ್ದ ಗಣಿತದ ಮೇಷ್ಟ್ರಿಗೂ ಕೇಳಿಸಿತು. ಮೇಷ್ಟ್ರು ಆ ಹೊಸ ಗಾಜಿನೊಳಗಿಂದ ತನ್ನ ಮೂಗಿನಲ್ಲಿ ಕೊಕ್ಕನ್ನೇ ಹುಡುಕುತ್ತಿದ್ದಾರೆಂದು ಚಿಕ್ಕಪ್ಪನಿಗೆ ಖಾತ್ರಿಯಾಯಿತು. ನಂಬರು ಸರಿಯಾಗಿ ಹಾಕಿಕೊಟ್ಟಿದ್ದಕ್ಕೆ ಅವರು ಪಶ್ಚಾತ್ತಾಪಪಟ್ಟಿದ್ದು ಅದೇ ಮೊದಲು.

ಅವಮಾನಕ್ಕೆ ಕಾರಣವಿತ್ತು. "ನಮ್ಮ ಹುಡುಗಿ ಕಂಪ್ಯೂಟರ್ ಸೈನ್ಸ್ ಓದ್ತಿದ್ದಾಳೆ, ನನ್ನ ಕೇಳದೆ ಒಂದು ಸಾಲೂ ಬರೆಯಲ್ಲ" ಎಂದು ಅವರು ಕೆಲವು ತಿಂಗಳಿಂದ ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ಬಂದಿದ್ದರು. ಕಣ್ಣು ತೋರಿಸಲು ಬಂದವರ ಕಿವಿಯನ್ನೂ ಬಿಡದಿರುವುದು ಅವರ ಅಂಗಡಿಯ ಪದ್ಧತಿ. ಗಿರಾಕಿ ಗದ್ದವನ್ನು ಯಂತ್ರದ ಮೇಲಿಟ್ಟು ಅಲುಗಾಡದೆ ಕೂರಬೇಕಲ್ಲ, ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಹುಡುಗಿಯ ತಂದೆ, ಎಂದರೆ ಚಿಕ್ಕಪ್ಪನ ಅಣ್ಣ, ಸೇತುವೆ ಕಟ್ಟುವ ಕೆಲಸದವರು. ಒಂದು ಸೇತುವೆ ಮುಗಿದರೆ ಇನ್ನೊಂದು ಊರು. ಹಾಗಾಗಿ ಮಗಳು ಓದು ಮುಗಿಯುವ ತನಕ ಚಿಕ್ಕಪ್ಪನ ಮನೆಯಲ್ಲಿ. ಮಗುವಾಗಿದ್ದಾಗ ಚಿಲಿಪಿಲಿ ಎನ್ನಲಿ ಎಂಬ ಆಸೆಯಿಂದ ಮನೆಯವರು ಗುಬ್ಬಿ ಎಂದು ಕರೆದಿದ್ದರು. ಅವಳು ಚಿಲಿ ಎನ್ನಲೂ ಇಲ್ಲ, ಪಿಲಿ ಎನ್ನಲೂ ಇಲ್ಲ. ಊಟ ಹೇಗಿದೆ ಎಂದರೆ ಇನ್ನೊಂದು ಸಲ ಬಡಿಸಿಕೊಳ್ಳುವುದೇ ಉತ್ತರ. ಬರೆಯುವುದರಲ್ಲಿ ಮಾತ್ರ ಹುಲಿ. ಮೊದಲ ವರ್ಷ ಪ್ರೋಗ್ರಾಮನ್ನು ಅಚ್ಚುಕಟ್ಟಾಗಿ ಬರೆದಳು, ಅದು ಸರಿಯಾಗಿ ಓಡಿತು ಕೂಡ. ವೈವಾದಲ್ಲಿ ಪರೀಕ್ಷಕರು ಒಂದು ಸಾಲಿನ ಮೇಲೆ ಬೆರಳಿಟ್ಟು, "ಈ ಸಾಲು ಏನು ಮಾಡುತ್ತೆ?" ಎಂದರು. ಅವಳು ಸಾಲನ್ನು ನೋಡಿದಳು, ಸಾಲು ಅವಳನ್ನು ನೋಡಿತು. ಇಬ್ಬರೂ ಬಾಯಿ ಬಿಡಲಿಲ್ಲ. ಫೇಲು.

ಮತ್ತೆ ಕಟ್ಟಿ ಹೇಗೋ ದಡ ಸೇರಿದಳೆನ್ನಿ. ಆದರೆ ಪಾಠ ಮಾಡುವ ಮೇಡಂ ಅವಳನ್ನು ಕರೆದು ನೇರವಾಗಿಯೇ ಹೇಳಿದ್ದರು: ಕೊನೆಯ ವರ್ಷ ಪ್ರಾಜೆಕ್ಟಿನ ವೈವಾ ಇರುತ್ತದೆ, ಅಲ್ಲಿ ಬಾಯಿ ತೆರೆಯದಿದ್ದರೆ ನಾಲ್ಕು ವರ್ಷ ಬರೆದದ್ದೆಲ್ಲ ನೀರಿನಲ್ಲಿ ಹೋಮ, ಪದವಿ ಕೈಗೆ ಸಿಗುವುದಿಲ್ಲ. ಅದಕ್ಕೊಂದು ಮದ್ದನ್ನೂ ಹೇಳಿಕೊಟ್ಟಿದ್ದರು. ಬರೆದದ್ದನ್ನು ಪ್ರತಿದಿನ ಒಂದೊಂದೇ ಸಾಲಾಗಿ ಬಾಯಿಬಿಟ್ಟು ವಿವರಿಸಬೇಕು, ಅದೂ ಏನೇನೂ ಅರ್ಥವಾಗದವರಿಗೆ. ವಿವರಿಸುವಾಗ ನಮ್ಮ ತಪ್ಪು ನಮಗೇ ಕಾಣುತ್ತದಂತೆ. ಈ ಕಸುಬಿನವರು ಕೆಲವರು ಇದಕ್ಕಾಗಿಯೇ ಮೇಜಿನ ಮೇಲೆ ರಬ್ಬರಿನ ಬಾತುಕೋಳಿ ಇಟ್ಟುಕೊಂಡಿರುತ್ತಾರಂತೆ. ಗೆಳತಿಯರೆಲ್ಲ ಆಟಿಕೆ ಅಂಗಡಿಗೆ ಓಡಿದರು. ಗುಬ್ಬಿ ಮಾತ್ರ ಅಂದಿನಿಂದ ಚಿಕ್ಕಪ್ಪನ ಮುಂದೆ ಒಂದೊಂದೇ ಸಾಲು ಹೇಳತೊಡಗಿದ್ದಳು, ತನ್ನ ಸಲಹೆ ಕೇಳುತ್ತಿದ್ದಾಳೆಂದು ಚಿಕ್ಕಪ್ಪ ನಂಬಿಕೊಂಡಿದ್ದರು.

"ನೀನ್ಯಾಕೆ ತಗೊಳ್ಲಿಲ್ಲ?" ಎಂದು ಗೇಟಿನ ಬಳಿ ಅವಮಾನವಾದ ದಿನ ಸಂಜೆ ಚಿಕ್ಕಪ್ಪ ಗಂಟುಮುಖ ಹಾಕಿಕೊಂಡು ಕೇಳಿದರು.

"ಮನೇಲೇ ನೀವಿದ್ರಲ್ಲ," ಎಂದಳು ಗುಬ್ಬಿ.

ಹೀಗೆ ಬಾತುಕೋಳಿಯ ಪದವಿ ಅಧಿಕೃತವಾಯಿತು. ಬೇಜಾರು ಒಂದು ದಿನವಿತ್ತು. ಮರುದಿನ ಸಂಜೆ ಅಂಗಡಿ ಖಾಲಿಯಾಗುತ್ತಲೇ ಚಿಕ್ಕಪ್ಪ ತಾವಾಗಿಯೇ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು, "ಹೂಂ, ಶುರು ಮಾಡು" ಎಂದರು. ಎದುರಿನ ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಪಟ, ಅದರ ಪಕ್ಕದಲ್ಲಿ ಗುಬ್ಬಿ. ಷರತ್ತು ಒಂದೇ. ಚಿಕ್ಕಪ್ಪ ಹೂಂಗುಟ್ಟಬಹುದು, ಬುದ್ಧಿ ಹೇಳಬಾರದು. ಮಾತಿನ ಮಲ್ಲರ ಬಾಯಿಗೆ ಬೀಗ, ಮೂಕಿಯ ಬಾಯಿಗೆ ಬಿಡುಗಡೆ. ಚಿಕ್ಕಮ್ಮ ಅಡುಗೆಮನೆಯಿಂದಲೇ, ಈ ಏರ್ಪಾಡು ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತು ಎಂದರು. ಮನೆ ಅಂಗಡಿಯ ಹಿಂದೆಯೇ ಇತ್ತು, ಇಂಥ ಮಾತುಗಳಿಗೆ ದಾರಿ ಸಲೀಸು.

ಮೊದಮೊದಲು ಚಿಕ್ಕಪ್ಪ ಅದ್ಭುತವಾದ ಬಾತುಕೋಳಿ. ಕಂಪ್ಯೂಟರ್ ಓದುವುದೆಂದರೆ ಬೇಗ ಬೇಗ ಟೈಪು ಮಾಡುವುದು, ಪಕ್ಕದ ಮನೆಯ ಪ್ರಿಂಟರು ಕೆಟ್ಟರೆ ಸರಿಮಾಡುವುದು ಎಂಬಷ್ಟೇ ಅವರ ತಿಳಿವಳಿಕೆ. ಇವಳು ನೋಡಿದರೆ ಕಂಪ್ಯೂಟರು ಮುಟ್ಟದೆಯೇ ವಾರಗಟ್ಟಲೆ ಕಾಗದದ ಮೇಲೆ ಗಣಿತ ಮಾಡುತ್ತಾಳೆ, ಸೊನ್ನೆಯಿಂದ ಎಣಿಸುತ್ತಾಳೆ, ಪ್ರಿಂಟರು ಕೆಟ್ಟರೆ "ಅದು ನಮ್ಮ ಸಿಲಬಸ್‌ನಲ್ಲಿಲ್ಲ" ಎನ್ನುತ್ತಾಳೆ. ಪಕ್ಕದ ಮನೆಯವರು ಆ ಕಾಲೇಜಿನ ಮೇಲಿನ ಗೌರವವನ್ನೇ ಕಳೆದುಕೊಂಡರು.

ಎರಡನೆಯ ವರ್ಷ ತೊಂದರೆ ಸಣ್ಣದಾಗಿ ಮೊಳೆಯಿತು. ಸ್ಟ್ಯಾಕ್ ಎಂದರೆ ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವುದು ಎಂದು ಗುಬ್ಬಿ ವಿವರಿಸಿದ ರಾತ್ರಿ ಊಟಕ್ಕೆ ಕೂತಾಗ, ತಟ್ಟೆಗಳ ಅಟ್ಟಿಯಲ್ಲಿ ದಿನವೂ ಮೇಲಿನ ನಾಲ್ಕೇ ತಟ್ಟೆ ತೊಳೆದು ಬಳಕೆಯಾಗುತ್ತವೆ, ಅಡಿಯದು ಮದುವೆಯಾದಾಗಿನಿಂದ ಅನ್ನ ಕಂಡಿಲ್ಲ ಎಂಬುದು ಚಿಕ್ಕಪ್ಪನಿಗೆ ಹೊಳೆಯಿತು. ತನ್ನನ್ನು ತಾನೇ ಕರೆದುಕೊಳ್ಳುವ ಪ್ರೋಗ್ರಾಮು ಎಂದರೆ ಏನೆಂಬುದು ಅಂಗಡಿಯ ಎದುರುಬದುರು ಕನ್ನಡಿಗಳ ನಡುವೆ ನಿಂತಾಗ ಹೊಳೆಯಿತು. ಕನ್ನಡಿಯೊಳಗೆ ಕನ್ನಡಿ, ಅದರೊಳಗೆ ಕನ್ನಡಿ, ಪ್ರತಿಯೊಂದರಲ್ಲೂ ಹಿಂದಿನದಕ್ಕಿಂತ ಚಿಕ್ಕ ಬೋಳುತಲೆ. ಎಲ್ಲಿ ನಿಲ್ಲಬೇಕೆಂದು ಮೊದಲೇ ಹೇಳಿಡದಿದ್ದರೆ ಬೋಳುತಲೆಗೆ ಕೊನೆಯೇ ಇಲ್ಲ.

ಮೂರನೆಯ ವರ್ಷದ ಒಂದು ಬೆಳಗ್ಗೆ, ಕಾಫಿ ಕೊಡದೆ ಪೇಪರು ಕೊಡುವುದಿಲ್ಲವೆಂದು ಚಿಕ್ಕಪ್ಪ, ಪೇಪರು ಕೊಡದೆ ಕಾಫಿ ಕೊಡುವುದಿಲ್ಲವೆಂದು ಚಿಕ್ಕಮ್ಮ ಹಟ ಹಿಡಿದು ನಿಂತಿದ್ದರು. ನಡುವೆ ಹಾದುಹೋದ ಗುಬ್ಬಿ, "ಇದಕ್ಕೆ ನಮ್ಮಲ್ಲಿ ಡೆಡ್‌ಲಾಕ್ ಅಂತಾರೆ" ಎಂದಳು.

"ನಮ್ಮಲ್ಲಿ ಸಂಸಾರ ಅಂತಾರೆ," ಎಂದರು ಚಿಕ್ಕಮ್ಮ.

ಚಿಕ್ಕಪ್ಪನನ್ನು ಬಹಳ ಕಾಡಿದ್ದು ಮಾತ್ರ ಇನ್ನೊಂದು ಪಾಠ. ಯಾವ ಪ್ರೋಗ್ರಾಮು ಕೊಟ್ಟರೂ ಅದು ಎಂದಾದರೂ ನಿಲ್ಲುತ್ತದೋ ಇಲ್ಲವೋ ಎಂದು ತಪ್ಪದೆ ಹೇಳಬಲ್ಲ ಪ್ರೋಗ್ರಾಮನ್ನು ಯಾರಿಂದಲೂ ಬರೆಯಲಾಗದು, ಅದು ಆಗದು ಎಂಬುದನ್ನು ಸಾಧಿಸಿ ತೋರಿಸಿದ್ದಾರೆ ಎಂದು ಗುಬ್ಬಿ ಒಂದು ಸಂಜೆಯೆಲ್ಲ ವಿವರಿಸಿದಳು. ಷರತ್ತು ಮುರಿದು ಅವರು ಕೇಳಿಯೇಬಿಟ್ಟರು: "ಆಗಲ್ಲ ಅನ್ನೋದನ್ನ ಕಲಿಯೋಕೆ ಕಾಲೇಜಿಗೆ ಹೋಗಬೇಕೇನೇ?"

"ಆಗಲ್ಲ ಅಂತ ಗೊತ್ತಾದ್ರೆ ಹುಡುಕೋದು ನಿಲ್ಲಿಸಬಹುದು ಚಿಕ್ಕಪ್ಪ."

ಚಿಕ್ಕಪ್ಪ ಆ ರಾತ್ರಿ ಕೂದಲು ಬರಲೆಂದು ಬೋಳುತಲೆಗೆ ಹಚ್ಚುತ್ತಿದ್ದ ಎಣ್ಣೆಯ ಬಾಟಲಿಯನ್ನು ಪಕ್ಕಕ್ಕಿಟ್ಟರು.

ಅಂತೂ ಕೊನೆಯ ವರ್ಷ ಬರುವಷ್ಟರಲ್ಲಿ ಅವರ ಹೂಂಗಳ ಬಣ್ಣವೇ ಬದಲಾಗಿತ್ತು. ಮೊದಲು ವಾಕ್ಯ ಮುಗಿದ ಮೇಲೆ ಬರುತ್ತಿದ್ದ ಹೂಂ ಈಗ ವಾಕ್ಯದ ನಡುವೆಯೇ ನುಸುಳುತ್ತಿತ್ತು. ಹೂಂ ಹೋಗಿ "ಹಾಂ ಹಾಂ" ಬಂತು. ಆಮೇಲೆ "ಗೊತ್ತಾಯ್ತು ಬಿಡು" ಬಂತು. ಪಾಪ, ಅವರಿಗದು ಹೆಮ್ಮೆ.

ಗುಬ್ಬಿಯ ಪ್ರಾಜೆಕ್ಟು ಪರೀಕ್ಷಾ ಕೊಠಡಿಯಲ್ಲಿ ಆಸನ ಹಂಚುವುದು. ಒಂದೇ ವಿಷಯ ಬರೆಯುವ ಇಬ್ಬರು ಅಕ್ಕಪಕ್ಕವಾಗಲೀ ಹಿಂದೆಮುಂದೆಯಾಗಲೀ ಬರಬಾರದು. ಮುಂದಿನ ಬೆಂಚಿನಿಂದ ಶುರುಮಾಡಿ, ಎಡದಿಂದ ಬಲಕ್ಕೆ, ಒಬ್ಬೊಬ್ಬರನ್ನೇ ಕೂರಿಸುತ್ತಾ ಹೋಗಬೇಕು. ಕೂರಿಸುವ ಮುನ್ನ ಎಡಗಡೆ ಯಾರು, ಮುಂದೆ ಯಾರು ಎಂದು ನೋಡಬೇಕು. ಆಮೇಲೆ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು ಕೊನೆಗಳಿಗೆಯಲ್ಲಿ ಬಂದರೆ ನಡುವೆ ಖಾಲಿ ಇರುವ ಜಾಗದಲ್ಲಿ ಅವರನ್ನು... ಎಂದು ಅವಳು ಹೇಳುತ್ತಿರುವಾಗಲೇ ಚಿಕ್ಕಪ್ಪ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, "ಗೊತ್ತಾಯ್ತು ಬಿಡು, ಅಕ್ಕಪಕ್ಕ ನೋಡಿ ಕೂರಿಸೋದು. ಮುಂದೆ?" ಎಂದರು. ಗುಬ್ಬಿ ಮುಂದಕ್ಕೆ ಹೋದಳು.

ವೈವಾಕ್ಕೆ ಮೂರು ದಿನವಿರುವಾಗ, ಮೇಡಂ ಆ ಪ್ರೋಗ್ರಾಮನ್ನು ಕಾಲೇಜಿನ ಒಂದು ಕಿರುಪರೀಕ್ಷೆಗೆ ಬಳಸಿ ನೋಡಿದರು. ಕೊಠಡಿಯ ನಟ್ಟನಡುವೆ, ತಡವಾಗಿ ಸೇರಿಸಿದ ಒಬ್ಬ ಹುಡುಗ, ಅವನ ಬೆನ್ನ ಹಿಂದೆಯೇ ಅದೇ ಪ್ರಶ್ನೆಪತ್ರಿಕೆ ಹಿಡಿದ ಇನ್ನೊಬ್ಬ. ಇಡೀ ಕೊಠಡಿಯಲ್ಲಿ ನಗುಮುಖದಿಂದ ಪರೀಕ್ಷೆ ಬರೆಯುತ್ತಿದ್ದವರು ಅವರಿಬ್ಬರೇ. ನಗು ಕಂಡ ಮೇಡಮಿಗೆ ಅನುಮಾನ ಬಂತು.

ಗುಬ್ಬಿ ಮನೆಗೆ ಬಂದವಳು ಚೀಲ ಕೆಳಗಿಟ್ಟು, ಮಿಕ್ಸಿ ಕೆಟ್ಟಿದೆ ಎನ್ನುವ ದನಿಯಲ್ಲಿ ಚಿಕ್ಕಮ್ಮನಿಗೆ ಹೇಳಿದಳು: "ಚಿಕ್ಕಪ್ಪ ಕೆಟ್ಟುಹೋಗಿದ್ದಾರೆ."

"ನಿನಗೆ ಇವತ್ತು ಗೊತ್ತಾಯ್ತಾ?" ಎಂದರು ಚಿಕ್ಕಮ್ಮ.

"ಅವರಿಗೆ ಅರ್ಥ ಆಗ್ತಿದೆ ಚಿಕ್ಕಮ್ಮ. ನಾನು ಹೇಳೋಕೆ ಮುಂಚೆ ಅವರೇ ತುಂಬಿಸ್ಕೋತಾರೆ. ನಾನು ಬಿಟ್ಟುಬಿಡ್ತೀನಿ. ನೀವು ಕೂತ್ಕೊಳ್ಳಿ."

ಚಿಕ್ಕಮ್ಮ ಬಟಾಣಿ ಸುಲಿಯುತ್ತಾ ಕೂತರು. ಅವರದು ದಾಕ್ಷಿಣ್ಯವಿಲ್ಲದ ಕಿವಿ. ಹೂಂ ಇಲ್ಲ, ಹಾಂ ಇಲ್ಲ. ಪ್ರತಿ ವಾಕ್ಯಕ್ಕೂ "ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳು." ಕೆಲಸದಿಂದ ತೆಗೆದುಹಾಕಿಸಿಕೊಂಡ ಚಿಕ್ಕಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಗುಬ್ಬಿ ಬೆಂಚುಗಳನ್ನು ತುಂಬಿಸಿದಳು, ತಡವಾಗಿ ಬಂದವನನ್ನು ತಂದಳು, ಅವನನ್ನು ಖಾಲಿ ಜಾಗದಲ್ಲಿ ನಿಲ್ಲಿಸಿದಳು. "ಆಗಲೂ ಎಡಗಡೆ ನೋಡ್ತೀನಿ, ಮುಂದೆ ನೋಡ್ತೀನಿ. ಹಿಂದೆ ನೋಡಬೇಕಾಗಿಲ್ಲ, ಯಾಕಂದ್ರೆ ಹಿಂದಿನ ಬೆಂಚು ಇನ್ನೂ ಖಾಲಿ..."

"ಗೊತ್ತಾಗ್ಲಿಲ್ಲ."

"ಹಿಂದಿನ ಬೆಂಚು ಇನ್ನೂ ಖಾಲಿ..." ಗುಬ್ಬಿ ಬಾಯಿ ತೆರೆದವಳು ಹಾಗೆಯೇ ನಿಂತಳು. "ಖಾಲಿ ಇರಲ್ಲ. ಅಷ್ಟೊತ್ತಿಗೆ ಎಲ್ಲರೂ ಕೂತಾಗಿರುತ್ತೆ. ಹಿಂದೆನೂ ನೋಡಬೇಕು, ಬಲಗಡೆನೂ ನೋಡಬೇಕು."

ಅವಳು ಒಳಗೆ ಓಡಿದಳು. ಚಿಕ್ಕಮ್ಮ ಕೈಯಲ್ಲಿದ್ದ ಬಟಾಣಿ ಸುಲಿದು ಮುಗಿಸಿದರು. ತಾನು ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದ್ದು ಸರಿಯಾಗಿ ಯಾವ ಜಾಗದಲ್ಲಿ ಎಂಬುದು ಚಿಕ್ಕಪ್ಪನಿಗೆ ನೆನಪಿತ್ತು. ಆ ರಾತ್ರಿ ಅವರು ಮಾತಿಲ್ಲದೆ ಉಂಡರು. ಜ್ವರ ಬಂದಿದೆಯೇನೋ ಎಂದು ಚಿಕ್ಕಮ್ಮ ಹಣೆ ಮುಟ್ಟಿ ನೋಡಿದರು.

ಪ್ರಾಜೆಕ್ಟಿನ ವೈವಾಕ್ಕೆ ಮನೆಯವರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದೆಂಬುದು ಆ ಕಾಲೇಜಿನ ನಿಯಮ. ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟ ಮೇಲೆಯೇ ಚಿಕ್ಕಮ್ಮ ಚಿಕ್ಕಪ್ಪನನ್ನು ಕರೆತಂದದ್ದು. ಹೊರಗಿನಿಂದ ಬಂದ ಪರೀಕ್ಷಕರ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು, ಒಂದು ಕಡ್ಡಿ ಸೊಟ್ಟಗಾಗಿತ್ತು. ಎದ್ದುಹೋಗಿ ಸರಿಮಾಡಿಕೊಡದೆ ಕೂತಿರುವುದು ಚಿಕ್ಕಪ್ಪನಿಗೆ ಎಷ್ಟು ಕಷ್ಟವಾಯಿತೆಂದು ಹೇಳತೀರದು.

ಪರೀಕ್ಷಕರು ಹಾಳೆ ತಿರುವಿ, ನಡುವೆ ಎಲ್ಲೋ ಬೆರಳಿಟ್ಟು, ಅಲ್ಲಿದ್ದುದನ್ನು ಗಟ್ಟಿಯಾಗಿ ಓದಿ, "ಈ ಸಾಲು ಏನು ಮಾಡುತ್ತೆ?" ಎಂದರು.

ಮೊದಲ ವರ್ಷದ್ದೇ ಪ್ರಶ್ನೆ. ಗುಬ್ಬಿ ಸಾಲನ್ನು ನೋಡಿದಳು. ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಗುಬ್ಬಿ ತಲೆಯೆತ್ತಿ ಹಿಂದಿನ ಬೆಂಚನ್ನು ಹುಡುಕಿದಳು.

ಚಿಕ್ಕಪ್ಪನಿಗೆ ಆ ಸಾಲು ಏನು ಮಾಡುತ್ತದೆಂದು ಗೊತ್ತಿತ್ತು. ಅದೇ ಅವರ ದುರದೃಷ್ಟ. ಉತ್ತರ ನಾಲಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಅವರು ತಟ್ಟನೆ ತಮ್ಮ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಬೋರ್ಡು ಮಸುಕಾಯಿತು, ಪರೀಕ್ಷಕರು ಮಸುಕಾದರು, ಗುಬ್ಬಿ ಒಂದು ಬಣ್ಣದ ಮುದ್ದೆಯಾದಳು. ಬಾಯಿ ತುಸು ತೆರೆದು, ಹುಬ್ಬು ಮೇಲೇರಿಸಿ, ಮೊದಲ ವರ್ಷದ ತಮ್ಮ ಮುಖವನ್ನು ನೆನಪಿಗೆ ತಂದುಕೊಂಡು, ಜಗತ್ತಿನಲ್ಲಿ ಏನೊಂದೂ ತಿಳಿಯದವರಂತೆ ಕೂತರು. ಪಕ್ಕದಲ್ಲಿ ಚಿಕ್ಕಮ್ಮನೂ ಹಾಗೆಯೇ ಕೂತಿದ್ದರು, ಅವರಿಗೆ ಕಷ್ಟಪಡಬೇಕಾಗಿರಲಿಲ್ಲ ಅಷ್ಟೆ.

ಗುಬ್ಬಿ ಆ ಮುಖಗಳನ್ನು ನೋಡಿ ಉಸಿರೆಳೆದುಕೊಂಡು ಶುರುಮಾಡಿದಳು. ಸಾಲಿನಿಂದ ಸಾಲಿಗೆ, ಬೆಂಚಿನಿಂದ ಬೆಂಚಿಗೆ. ತಡವಾಗಿ ಬಂದವನನ್ನು ಕರೆತರುವಷ್ಟರಲ್ಲಿ ಪರೀಕ್ಷಕರು ಗಡಿಯಾರ ನೋಡಿ, "ಗೊತ್ತಾಯ್ತು, ಮುಂದಕ್ಕೆ ಹೋಗಮ್ಮ" ಎಂದರು.

"ಗೊತ್ತಾಯ್ತು ಅನ್ನಬೇಡಿ ಸಾರ್," ಎಂದಳು ಗುಬ್ಬಿ. "ನಾನಿನ್ನೂ ಹೇಳಿಲ್ಲ."

ಮೇಡಂ ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು ಕನ್ನಡಕವನ್ನು ಮೇಲಕ್ಕೆ ತಳ್ಳಿ ಅವಳನ್ನೊಮ್ಮೆ ನೋಡಿ, ಕುರ್ಚಿಗೆ ಒರಗಿ ಪೂರ್ತಿ ಕೇಳಿದರು. ಹಿಂದಿನ ಬೆಂಚನ್ನೂ ಬಲಗಡೆಯನ್ನೂ ಯಾಕೆ ನೋಡಬೇಕು, ಮೊದಲು ಯಾಕೆ ನೋಡಿರಲಿಲ್ಲ, ಎಲ್ಲವನ್ನೂ. ಕೇಳಿಯಾದ ಮೇಲೆ ಅಂಕ ಬರೆದು ಹಾಳೆಯನ್ನು ಮೇಡಮಿನ ಕಡೆ ಸರಿಸಿದರು. ಮೇಡಂ ಅದನ್ನು ನೋಡಿ, ಪೆನ್ನಿನ ಮುಚ್ಚಳವನ್ನು ಕೊನೆಯ ಸಲ ಹಾಕಿಟ್ಟು, ಹಿಂದಿನ ಬೆಂಚಿನ ಕಡೆ ತಿರುಗಿ ತಲೆಯಾಡಿಸಿದರು. ಅದು ಹೌದೆಂದೋ ಅಲ್ಲವೆಂದೋ ಚಿಕ್ಕಪ್ಪನಿಗೆ ಕಾಣಲಿಲ್ಲ. ಚಿಕ್ಕಮ್ಮ ಮೊಣಕೈಯಿಂದ ತಿವಿದು, ಪಾಸಾದಳು ಎಂದು ಹೇಳಿದ ಮೇಲೆ ಕನ್ನಡಕ ಹಾಕಿಕೊಂಡರು.

ಎದ್ದು ಹೊರಡುವ ಮುನ್ನ ಪರೀಕ್ಷಕರು ವಾಡಿಕೆಯಂತೆ ಕೇಳಿದರು: "ಅಂತೂ ನಾಲ್ಕು ವರ್ಷ ಕಂಪ್ಯೂಟರ್ ಸೈನ್ಸ್ ಓದಿದೆ. ಏನು ಕಲಿತೆಯಮ್ಮ?"

ಗುಬ್ಬಿ ಹಿಂದಿನ ಬೆಂಚಿನತ್ತ ನೋಡಿದಳು.

"ನಾನು ಸುಮಾರಾಗಿ ಕಲಿತೆ ಸಾರ್. ಚಿಕ್ಕಪ್ಪನೂ ಕಲಿತುಬಿಟ್ರು. ಅದೊಂದೇ ತೊಂದರೆ ಆಗಿದ್ದು."