ಬುಟ್ಟಿಯೊಳಗಿನ ಕಬ್ಬಿಣದ ಮೊಳೆ

"ಆಂಟಿ, ಗುಡುಗಿಗೆ ಮೊಟ್ಟೆ ಕೆಡುತ್ತೆ ಅನ್ನೋದಕ್ಕೆ ಪ್ರೂಫ್ ಏನಿದೆ?" ಎಂದು ಕೇಳಿಯೇಬಿಟ್ಟೆ. ಚಿಕ್ಕಲಸಂದ್ರದ ನಮ್ಮ ಬಾಡಿಗೆ ಮನೆಯ ಟೆರೇಸಿನಲ್ಲಿ ನಾಟಿ ಕೋಳಿ ಕಾವಿಗೆ ಕೂತಿತ್ತು. ಓನರ್ ಜಯಮ್ಮ ಆಂಟಿ ಅದರ ಬುಟ್ಟಿಯೊಳಗೆ ಇದ್ದಿಲಿನ ತುಂಡು, ಕಬ್ಬಿಣದ ಮೊಳೆ ಇಡುತ್ತಿದ್ದರು.

"ಪ್ರೂಫ್ ಗೀಫ್ ನಂಗೊತ್ತಿಲ್ಲಪ್ಪ. ನಮ್ಮತ್ತೆ ಇಡ್ತಿದ್ರು, ನಾನೂ ಇಡ್ತೀನಿ. ಈ ಮನೆ ಜಾಗದಲ್ಲಿ ನಮ್ಮ ರಾಗಿ ಹೊಲ ಇದ್ದಾಗಿಂದ ಇದೇ ತಳಿ. ಹುಂಜನ್ನ ಮೊನ್ನೆ ನಾಯಿ ಹಿಡೀತು. ಇವು ಮರಿ ಆಗ್ಲಿಲ್ಲ ಅಂದ್ರೆ ಅತ್ತೆ ಸಾಕಿದ್ದ ತಳಿ ಇಲ್ಲಿಗೆ ಮುಗೀತು."

ಕಾಲೇಜು ಡಿಬೇಟಿನಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿ ಅಭ್ಯಾಸವಿದ್ದ ನಾನು ಅಂದು ವಾದವನ್ನು ಅಲ್ಲಿಗೇ ಬಿಟ್ಟು ಮೆಟ್ಟಿಲಿಳಿದೆ.

ಮುಂದಿನ ವಾರ ಒಂದು ಸಂಜೆ ಜೋರು ಗುಡುಗು. ಆಂಟಿ ಯಾರದೋ ಮದುವೆಗೆ ಹೋಗಿದ್ದರು. ಟೆರೇಸಿಗೆ ಓಡಿದೆ. ಕೋಳಿ ಮಿಸುಕಾಡಿ ಮೊಳೆಯನ್ನು ಬುಟ್ಟಿಯಾಚೆ ಬೀಳಿಸಿತ್ತು. ಆಚೀಚೆ ನೋಡಿ, ಕುಕ್ಕಿಸಿಕೊಂಡೇ ಅದನ್ನು ಒಳಗಿಟ್ಟೆ.

ಮರಿಗಳು ಹೊರಬಂದವು. ಮೊಳೆಯಿಂದಲೇ ಎಂದು ಈಗಲೂ ಒಪ್ಪುವುದಿಲ್ಲ. ಆದರೆ ಅವು ಸಿಮೆಂಟ್ ನೆಲವನ್ನು ಕೆದರುವುದನ್ನು ನೋಡುತ್ತಾ ಆಂಟಿ, "ಇವಕ್ಕೆ ಹೊಲ ಎಲ್ಲಿಂದ ತರ್ಲಿ?" ಎಂದಿದ್ದರು. ಅಂದಿನಿಂದ ನಮ್ಮ ರಸ್ತೆಯಲ್ಲಿ ಖಾಲಿ ಸೈಟು ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ.